ಕ್ರಿಮೋನಾದ ಪಿಟೀಲು ಕಮ್ಮಟ: ಛಾಯಾಚಿತ್ರ ದಾಖಲಾತಿಯ ಮಿತಿ

ಇಟಲಿಯ ಕ್ರಿಮೋನಾ ನಗರದ ಸಾಂಪ್ರದಾಯಿಕ ಪಿಟೀಲು ತಯಾರಿಕೆಯನ್ನು ಯುನೆಸ್ಕೊ 2012ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಇಂತಹ ಕಮ್ಮಟಗಳ ಛಾಯಾಚಿತ್ರಗಳಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ವಾರ್ನಿಶ್ ಬಳಿದ ಸಿದ್ಧವಾದ್ಯ, ಅಂದರೆ ಮೂರ್ತವಾದ ಸರಕು. 70ಕ್ಕೂ ಹೆಚ್ಚು ಮರದ ತುಣುಕುಗಳನ್ನು ಒಳ‌ಅಚ್ಚಿನ ಸುತ್ತ ಕೈಯಿಂದಲೇ ಜೋಡಿಸುವ ಈ ಕಸುಬಿನಲ್ಲಿ ಕುಶಲಕರ್ಮಿಯು ಸ್ಪ್ರೂಸ್ ಮರದ ಮೇಲ್ಹಲಗೆಯನ್ನು ಬೆರಳಿನಿಂದ ತಟ್ಟಿ, ನಾದವನ್ನು ಆಲಿಸಿ, ಮತ್ತೆ ಹೆರೆಯುತ್ತಾನೆ. ಆ ಆಲಿಕೆ ಚಿತ್ರಕ್ಕೆ ದಕ್ಕದು. ಹಾಗೆಂದು ಕ್ಯಾಮೆರಾವನ್ನು ದೂರುವುದು ಉಚಿತವಲ್ಲ. ನೇರ ಬೆಳಕಿನಲ್ಲಿ ಮೆರುಗಷ್ಟೇ ಕಂಡರೆ, ಪಕ್ಕದಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಹಲಗೆಯ ಉಬ್ಬೂ ಉಳಿಯ ಗುರುತೂ ಸ್ಪಷ್ಟವಾಗುತ್ತವೆ. ಅಳತೆಪಟ್ಟಿಯೊಡನೆ ತೆಗೆದ ಒಳಮೈಯ ಒಂದು ಚಿತ್ರವು ಸಂಶೋಧಕರಿಗೆ ಹತ್ತು ಮೆರುಗಿನ ಚಿತ್ರಗಳಿಗಿಂತ ಉಪಯುಕ್ತ. ಮೇಲ್ಹಲಗೆಯನ್ನು ಅಂಟಿಸಿದ ಬಳಿಕ ಆ ಒಳಮೈಯನ್ನು ಪೂರ್ಣವಾಗಿ ಕಾಣಲು ದುರಸ್ತಿಗಾಗಿ ವಾದ್ಯವನ್ನು ಬಿಚ್ಚುವವರೆಗೆ ಕಾಯಬೇಕಾಗುತ್ತದೆ.