ಮಿರಗದ ಮಳೆ, ಹುತ್ತದ ಅಣಬೆ

ಮಿರಗದ ಮಳೆ ಬಿದ್ದು, ನೆಲ ನೆನೆದು, ನಡುವೆ ಎರಡು ದಿನ ಸೆಕೆ ಹೊಯ್ದರೆ ಧಾರವಾಡದ ಪಡುವಣ ಸೆರಗಿನಲ್ಲಿ ಅಣಬೆ ಏಳುತ್ತದೆ. ಊರಿನ ಮೂಡಣಕ್ಕೆ ನವಲಗುಂದದ ಎರೆಹೊಲಗಳು; ಅತ್ತ ಅಣಬೆ ಹುಡುಕಿ ಹೋಗುವವರು ಕಡಿಮೆ. ಕಲಘಟಗಿ, ಅಳ್ನಾವರ ದಾಟಿ ಹಳಿಯಾಳ, ದಾಂಡೇಲಿ, ಜೋಯಿಡಾದ ಕಡೆ ಸಾಗಿದಂತೆ ಕೆಂಪು ಮಣ್ಣು, ಸಾಗುವಾನಿ, ಬಿದಿರು, ಅವುಗಳ ನಡುವೆ ಹುತ್ತಗಳು ಕಾಣುತ್ತವೆ. ವಾರದ ಕೊನೆಗೆ ಹುಬ್ಬಳ್ಳಿ-ಧಾರವಾಡದಿಂದ ಗೋವೆಗೋ ದಾಂಡೇಲಿಗೋ ಹೊರಟವರ ಕಣ್ಣಿಗೆ ಮಳೆಗಾಲದಲ್ಲಿ ಅಣಬೆ ಬೀಳುವುದು ಇದೇ ದಾರಿಗಳಲ್ಲಿ.

ಇಲ್ಲಿನ ಅಣಬೆಗಳಲ್ಲಿ ರುಚಿಗೆ ಮೊದಲ ಸ್ಥಾನ ಹುತ್ತದ ಅಣಬೆಗೆ. ವಿಜ್ಞಾನದಲ್ಲಿ ಇದರ ಕುಲದ ಹೆಸರು ಟರ್ಮಿಟೊಮೈಸಿಸ್. ಇದನ್ನು ಬೆಳೆಸುವುದು ಗೆದ್ದಲು. ಒಣಎಲೆ, ಕಟ್ಟಿಗೆ ತಿಂದ ಗೆದ್ದಲು ತನ್ನ ಹಿಕ್ಕೆಯಿಂದ ನೆಲದಡಿ ಸ್ಪಂಜಿನಂಥ ಗೂಡು ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಹಬ್ಬಿಸುತ್ತದೆ. ಗೆದ್ದಲಿಗೆ ಜೀರ್ಣವಾಗದ ಮರದ ನಾರನ್ನು ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ. ಹದವಾದ ಗೂಡನ್ನೂ ಶಿಲೀಂಧ್ರದ ಬಿಳಿ ಗುಂಡುಗಳನ್ನೂ ಗೆದ್ದಲು ತಿನ್ನುತ್ತದೆ. ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಆಫ್ರಿಕದಲ್ಲಿ ಶುರುವಾದ ಬೇಸಾಯವಿದು. ಮಳೆ ಬಂದಾಗ ಆ ಗೂಡಿನಿಂದ ಉದ್ದನೆಯ ಬೇರಿನಂಥ ದಂಟು ಮಣ್ಣನ್ನು ಸೀಳಿಕೊಂಡು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಮನುಷ್ಯ ಇದನ್ನು ಶೆಡ್ಡಿನಲ್ಲಿ ಲಾಭಕ್ಕೆ ಬೆಳೆಯುವುದನ್ನು ಇನ್ನೂ ಕಲಿತಿಲ್ಲ. ಪೇಟೆಯ ಬಟನ್ ಅಣಬೆಗೂ ಇದಕ್ಕೂ ರುಚಿಯಲ್ಲಿ ಹೋಲಿಕೆಯೇ ಇಲ್ಲ. ಜೋಳದ ರೊಟ್ಟಿಯ ಜೊತೆಗಿನ ಪಲ್ಯಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಸಾಕು. ಗರಂ ಮಸಾಲೆ ಹಾಕಿದರೆ ಅಣಬೆ ಹಾಕಿದ್ದೂ ದಂಡ.

ಹುತ್ತದ ಅಣಬೆಯ ಕೊಡೆಯ ನಡುವೆ ಗಟ್ಟಿ ಮೊನೆಯಿರುತ್ತದೆ; ಮಣ್ಣು ಸೀಳುವುದು ಅದೇ. ದಂಟು ಕೆಳಕ್ಕೆ ಹೋದಂತೆ ಸಣ್ಣಗಾಗಿ ಗೆದ್ದಲ ಗೂಡಿಗೆ ಸೇರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಅಣಬೆ ಸಾವುಗಳಿಗೆ ಹೆಚ್ಚಾಗಿ ಕಾರಣವಾಗುವ ಅಮಾನಿಟಾ ಕುಲದ ವಿಷಜಾತಿಗಳಲ್ಲಿ ದಂಟಿನ ಬುಡ ಉಬ್ಬಿದ್ದು, ಅದರ ಸುತ್ತ ಹರಿದ ಚೀಲದಂಥ ಬಟ್ಟಲು ಇರುತ್ತದೆ. ಈ ಬಟ್ಟಲು ಮಣ್ಣಿನೊಳಗೆ ಉಳಿಯುವುದರಿಂದ ಮೇಲಿನಿಂದ ಚಿವುಟಿದವರಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದ ಒಂದೇ ಒಂದು ಅಣಬೆಯನ್ನು ಬುಡಸಮೇತ ಮೆಲ್ಲಗೆ ಬಿಡಿಸಿ ನೋಡಬೇಕು. ಗುರುತು ಖಚಿತವಾದರೆ ಉಳಿದವನ್ನು ನೆಲಮಟ್ಟದಲ್ಲಿ ಕೊಯ್ಯಬೇಕು. ಗುದ್ದಲಿ ಹಾಕಿ ಹುತ್ತ ಕೆಡವಿದರೆ ಗೂಡು ಹಾಳಾಗಿ ಮುಂದಿನ ವರ್ಷದ ಫಸಲೂ ಹೋಗುತ್ತದೆ. ಪಂಚಮಿಗೆ ಹಾಲೆರೆಯುವ ಜನ ಹುತ್ತ ಕೆಡವುವವರನ್ನು ಸುಮ್ಮನೆ ಬಿಡುವುದೂ ಇಲ್ಲ. ಪಾಳು ಹುತ್ತದೊಳಗೆ ಹಾವು ಇರುವುದೂ ಸುಳ್ಳಲ್ಲ.

ಎರಡನೆಯ ಪರೀಕ್ಷೆ ಬೀಜಕಣದ ಅಚ್ಚು. ಬಲಿತ ಕೊಡೆಯನ್ನು ಕಾಗದದ ಮೇಲೆ ಬೋರಲು ಹಾಕಿ, ಮೇಲೊಂದು ಲೋಟ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೀಜಕಣಗಳು ಉದುರಿ ಬಣ್ಣ ಮೂಡುತ್ತದೆ. ಹೋಮ್‌ಸ್ಟೇಯಲ್ಲಿ ತಂಗಿದವರಿಗೂ ಇದು ಸಾಧ್ಯ. ಹುತ್ತದ ಅಣಬೆಯದು ನಸುಗುಲಾಬಿ, ಅಮಾನಿಟಾದ್ದು ಬಿಳಿ. ಉದ್ಯಾನದ ಹುಲ್ಲುಹಾಸಿನಲ್ಲಿ ಬೆಳ್ಳಗೆ, ಅಂದವಾಗಿ ಏಳುವ ಕ್ಲೋರೊಫಿಲ್ಲಂ ಮೊಲಿಬ್ಡೈಟಿಸ್‌ನದು ಹಸಿರು. ಅದನ್ನು ತಿಂದವರು ಒಂದೆರಡು ತಾಸಿನಲ್ಲಿ ವಾಂತಿ-ಭೇದಿಯಿಂದ ಹಣ್ಣಾಗುತ್ತಾರೆ. ಗುಲಾಬಿ ಅಚ್ಚು ಬಂದಮಾತ್ರಕ್ಕೆ ತಿನ್ನಬಹುದೆಂದು ಅರ್ಥವಲ್ಲ. ಆ ಬಣ್ಣದ ವಿಷದ ಅಣಬೆಗಳೂ ಇವೆ.

ಬೆಳ್ಳಿ ಚಮಚ ಕಪ್ಪಾಗದಿದ್ದರೆ, ಅರಿಸಿನ ಬಣ್ಣ ಕೆಡದಿದ್ದರೆ, ಹುಳ ತಿಂದ ಗುರುತಿದ್ದರೆ ಅಣಬೆ ಒಳ್ಳೆಯದೆಂಬ ನಂಬಿಕೆಗಳಿಗೆ ಯಾವ ಆಧಾರವೂ ಇಲ್ಲ. ಮನುಷ್ಯನ ಯಕೃತ್ತನ್ನು ಕೆಡಿಸುವ ಅಣಬೆಯನ್ನು ಗೊಂಡೆಹುಳ ನಿಶ್ಚಿಂತೆಯಿಂದ ತಿನ್ನುತ್ತದೆ. ಕುದಿಸಿದರೂ ಒಣಗಿಸಿದರೂ ಅಮಾನಿಟಾದ ವಿಷ ಇಳಿಯುವುದಿಲ್ಲ. ಫೋಟೋ ತೆಗೆದರೆ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳೂ ನಂಬಿಕೆಗೆ ಅರ್ಹವಲ್ಲ. ಮಣ್ಣಿನೊಳಗಿನ ಬಟ್ಟಲು ಅವುಗಳಿಗೂ ಕಾಣದು.

ಪ್ರವಾಸಿಗೆ ಇನ್ನೊಂದು ಅಪಾಯವಿದೆ: ಅಣಬೆಯ ತಿಳಿವಳಿಕೆ ಆಯಾ ನೆಲಕ್ಕೆ ಅಂಟಿಕೊಂಡದ್ದು. ಭತ್ತದ ಹುಲ್ಲಿನ ಬಣವೆಯಲ್ಲಿ ಏಳುವ ಅಣಬೆಯನ್ನು ಆಗ್ನೇಯ ಏಷ್ಯಾದವರು ತಲೆಮಾರುಗಳಿಂದ ತಿಂದವರು. ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಕೆಲವರು ಓಕ್ ಮರದಡಿ ಅಂಥದೇ ಮೊಗ್ಗು ಕಂಡು ಕಿತ್ತು ತಿಂದರು. ಅದು ಯುರೋಪಿನಿಂದ ಮರಗಳ ಬೇರಿನೊಡನೆ ಬಂದು ನೆಲೆಸಿದ ಅಮಾನಿಟಾ ಫಲ್ಲಾಯ್ಡಿಸ್. ಅವರಿಗೆ ಅಣಬೆ ಗೊತ್ತಿತ್ತು, ಕಾಡು ಗೊತ್ತಿರಲಿಲ್ಲ. ಕರಾವಳಿಯಲ್ಲಿ ಮೊದಲ ಮಳೆಗೆ ಮಣ್ಣಿನಿಂದ ಹೆಕ್ಕುವ ಕಲ್ಲಣಬೆಯ ವಿಷಯವೂ ಹೀಗೆಯೇ. ಎಳೆಯದನ್ನು ಸೀಳಿದರೆ ಒಳಗೆ ಅಚ್ಚ ಬಿಳುಪು. ಅದನ್ನೇ ಹೋಲುವ ವಿಷದ ಗುಂಡಣಬೆಯೊಳಗೆ ಬೇಗನೆ ನೇರಳೆಗಪ್ಪು ತುಂಬುತ್ತದೆ. ಅಮಾನಿಟಾದ ಮೊಗ್ಗನ್ನು ಸೀಳಿದರೆ ಪುಟ್ಟ ಕೊಡೆಯ ಗೆರೆ ಕಾಣುತ್ತದೆ. ಉಡುಪಿಯ ಅಜ್ಜಿಗೆ ಇದು ಸಲೀಸು. ಧಾರವಾಡದಿಂದ ಹೋದವರಿಗಲ್ಲ.

ಕಾನೂನೂ ಪ್ರವಾಸಿಯ ಪರವಾಗಿಲ್ಲ. ದಾಂಡೇಲಿ-ಅಣಶಿಯ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಖಾನಾಪುರದ ಕಡೆ ಭೀಮಗಡ ಅಭಯಾರಣ್ಯ. ಅನಮೋಡ ಘಟ್ಟ ಇಳಿದರೆ ಗೋವೆಯ ಮೊಲೆಂ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಕಡೆ ಅನುಮತಿಯಿಲ್ಲದೆ ಕಾಡಿನ ಉತ್ಪನ್ನ ಒಯ್ಯುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಹಕ್ಕು ಕೊಟ್ಟಿರುವುದು ಅಲ್ಲಿ ತಲೆಮಾರುಗಳಿಂದ ಬದುಕಿದವರಿಗೆ, ಕಾರು ನಿಲ್ಲಿಸಿ ಇಳಿದವರಿಗಲ್ಲ. ಹಾಗಾಗಿ ಹೊರಗಿನವರಿಗೆ ಸರಿಯಾದ ದಾರಿ ಎರಡೇ: ಊರವರ ಜೊತೆ ಅವರ ಹೊಲ-ಬ್ಯಾಣಗಳಲ್ಲಿ ಹುಡುಕುವುದು, ಇಲ್ಲವೇ ಅವರು ಕಿತ್ತು ತಾವೂ ಉಣ್ಣುವ ಅಣಬೆಯನ್ನು ಕೇಳಿದ ಬೆಲೆಗೆ ಕೊಳ್ಳುವುದು. ಎರಡನೆಯದೇ ಮೇಲು. ಬೆಲೆ ಹೆಚ್ಚೆನಿಸಿದರೆ ಅದರ ಹಿಂದಿರುವ ನಸುಕಿನ ತಿರುಗಾಟವನ್ನೂ ಲೆಕ್ಕ ಹಿಡಿಯಬೇಕು.

ತಾವೇ ಕೀಳುವವರು ಹೆದ್ದಾರಿಯ ಅಂಚು, ಔಷಧ ಹೊಡೆದ ಹತ್ತಿಹೊಲ ಬಿಡಬೇಕು; ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಅಣಬೆ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವೆತು ಕೊಳೆಯುತ್ತದೆ. ಬುಟ್ಟಿ ಅಥವಾ ಸಾಗುವಾನಿ ಎಲೆ ಒಳ್ಳೆಯದು. ಅಂದೇ ಚೆನ್ನಾಗಿ ಬೇಯಿಸಬೇಕು, ಹೊಸ ಜಾತಿಯಾದರೆ ಮೊದಲ ಸಲ ತುಸುವೇ ತಿನ್ನಬೇಕು. ಗೋವೆಯ ಹಾದಿಯವರಿಗೆ ಒಂದು ಮಾತು: ಮುಪ್ಪಾದಾಗ ಕರಗಿ ಮಸಿಯಾಗುವ ಅಣಬೆಗಳಲ್ಲಿ ಒಂದು ಜಾತಿ, ತಿಂದು ದಿನವಾದ ಮೇಲೂ, ಮದ್ಯದೊಡನೆ ಸೇರಿದರೆ ಎದೆಬಡಿತ, ವಾಂತಿ ತರಿಸುತ್ತದೆ.

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು. ಅಮಾನಿಟಾದ ವಿಷ ತಿಂದ 6ರಿಂದ 24 ತಾಸಿನವರೆಗೆ ಏನೂ ಆಗದು, ಆಮೇಲೆ ವಾಂತಿ-ಭೇದಿ, ಮರುದಿನ ಗುಣವಾದಂತೆ ತೋರಿ, ಮೂರನೆಯ ದಿನದ ಹೊತ್ತಿಗೆ ಯಕೃತ್ತು ಕೈಕೊಡುತ್ತದೆ. ತಡವಾಗಿ ಕಾಣಿಸಿದ ವಾಂತಿಯೇ ಹೆಚ್ಚು ಅಪಾಯದ್ದು. ಕಾಡಿನ ಊರಿನಲ್ಲಿದ್ದರೆ 108ಕ್ಕೆ ಕರೆ ಮಾಡಿ, ನಡುವಿನ ಗುಣಕ್ಕೆ ಮರುಳಾಗದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಳಿದ ಹಸಿ ಅಣಬೆಯೊಂದನ್ನು ಕಾಗದದಲ್ಲಿ ಸುತ್ತಿ ಒಯ್ಯಬೇಕು. ಅದೇ ಪಾತ್ರೆಯಿಂದ ಉಂಡ ಎಲ್ಲರೂ, ಆರಾಮಿದ್ದವರೂ, ಜೊತೆಗೆ ಹೋಗಿ ತೋರಿಸಿಕೊಳ್ಳಬೇಕು.