ಅಲ್ಲಲ್ಲಿ ಮಳೆ, ಒಂದಿಷ್ಟು ಇಂಗ್ಲಿಷ್

ಇಂಗ್ಲಿಷ್ ಕಲಿಯುವುದಕ್ಕೆ ನಿನ್ನೆಯ ಪೇಪರ್ ಬೇಕು, ಇವತ್ತಿನದಲ್ಲ. ಇವತ್ತಿನ ಪೇಪರಿಗೆ ಮನೆಯಲ್ಲಿ ಹಕ್ಕುದಾರರು ಹೆಚ್ಚು. ಕ್ರೀಡಾ ಪುಟ ಒಬ್ಬರ ಕೈಯಲ್ಲಿ, ಸುಡೊಕು ಇನ್ನೊಬ್ಬರ ಕೈಯಲ್ಲಿ. ನಿನ್ನೆಯದು ಆಗಲೇ ರದ್ದಿ ಗಂಟಿನ ದಾರಿ ಹಿಡಿದಿರುತ್ತದೆ. ಅದರ ಮೇಲೆ ಗೀಟು ಹಾಕಬಹುದು, ಬೇಕಾದ್ದನ್ನು ಕತ್ತರಿಸಿಕೊಳ್ಳಬಹುದು, ಚಹಾ ಚೆಲ್ಲಿದರೂ ಬೈಯುವವರಿಲ್ಲ. ಇನ್ನೊಂದು ಲಾಭವೂ ಇದೆ. ಅದು ಹೇಳಿದ್ದರಲ್ಲಿ ಎಷ್ಟು ನಿಜವಾಯಿತು, ಎಷ್ಟು ಸುಳ್ಳಾಯಿತು ಎಂಬುದು ಅಷ್ಟು ಹೊತ್ತಿಗೆ ನಮಗೇ ಗೊತ್ತಾಗಿರುತ್ತದೆ. ವಾದಕ್ಕೆ ಇದಕ್ಕಿಂತ ಒಳ್ಳೆಯ ಬಂಡವಾಳ ಬೇಕೆ?

ಮಲ್ಕಾಜ್‌ಗಿರಿಯ ನಮ್ಮ ಮನೆಯ ವರಾಂಡದಲ್ಲಿ ಭಾನುವಾರ ಬೆಳಿಗ್ಗೆ ಈ ವಾದ ನಡೆಯುತ್ತದೆ. ಸಿಕಂದರಾಬಾದ್ ಬಿಟ್ಟು ಮೇಡ್ಚಲ್ ಕಡೆ ಹೊರಟ ರೈಲು ಮಲ್ಕಾಜ್‌ಗಿರಿ, ದಯಾನಂದ ನಗರ, ಸಫಿಲ್‌ಗುಡ ಎಂದು ಒಂದೊಂದೇ ನಿಲ್ದಾಣ ದಾಟುವ ಸದ್ದು ನಮಗೆ ಕೇಳುತ್ತಿರುತ್ತದೆ. ರೈಲ್ವೆಯವರು, ನಿವೃತ್ತ ಸೈನಿಕರು, ಬ್ಯಾಂಕಿನವರು ಬಂದು ನೆಲೆನಿಂತ ಪೇಟೆ ಇದು. ತರಕಾರಿ ತೆಲುಗಿನಲ್ಲಿ, ಆಟೊ ದಖನಿಯಲ್ಲಿ, ಅಪಾರ್ಟ್‌ಮೆಂಟಿನ ಸಭೆ ಮಾತ್ರ ಇಂಗ್ಲಿಷಿನಲ್ಲಿ. ನೀರಿನ ಟ್ಯಾಂಕರ್ ಬಗ್ಗೆ ಹೊಟ್ಟೆಯಲ್ಲಿ ಎಷ್ಟೇ ಸಿಟ್ಟಿದ್ದರೂ, ಅದನ್ನು ಆ ಸಭೆಯಲ್ಲಿ ಹೇಳಲಾಗದೆ ನುಂಗಿಕೊಂಡು ಬಂದ ಮೂವರು ಕನ್ನಡಿಗರೇ ನಮ್ಮ ಕೂಟದ ಮೊದಲ ಸದಸ್ಯರು. ರೈಲ್ವೆ ಪರೀಕ್ಷೆಗೆ ಓದುತ್ತಿರುವ ರಾಯಚೂರಿನ ಹುಡುಗ ಒಬ್ಬ. ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿರುವ ಹುಮನಾಬಾದಿನ ಅಕ್ಕ ಒಬ್ಬರು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಇಲ್ಲೇ ಉಳಿದ ನಿವೃತ್ತ ಗಾರ್ಡ್ ಸಾಹೇಬರು ಮೂರನೆಯವರು.

ಶುರುವಿನಲ್ಲಿ ನಾನೊಂದು ತಪ್ಪು ಮಾಡಿದೆ. ಘನವಾದ ವಿಷಯಗಳನ್ನು ಆರಿಸಿದೆ. ಮೊಬೈಲ್ ವರವೋ ಶಾಪವೋ, ಹೆಣ್ಣುಮಕ್ಕಳ ಶಿಕ್ಷಣ, ಪರಿಸರ ರಕ್ಷಣೆ. ಹುಡುಗ ಎದ್ದು ನಿಂತು ಕೋಚಿಂಗ್ ಕ್ಲಾಸಿನಲ್ಲಿ ಉರುಹೊಡೆದಿದ್ದ ‘ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್’ ಎಂಬಲ್ಲಿಂದ ಸುರುಮಾಡಿ ಒಂದೇ ಉಸಿರಿಗೆ ಮುಗಿಸಿ ಕೂತ. ಅಕ್ಕ ಚಹಾ ಲೋಟ ನೋಡುತ್ತಾ ಕೂತರು. ಸಾಹೇಬರು ‘ಐ ಅಗ್ರೀ’ ಎಂದರು. ನಾಣ್ಯಕ್ಕೆ ಎರಡು ಮುಖ ಎಂದ ಮೇಲೆ ಇನ್ನು ಮಾತಾಡಲು ಏನುಳಿಯಿತು? ನಾಲ್ಕು ವಾರ ಹೀಗೇ ಹೋಯಿತು.

ಆಮೇಲೆ ನೆನಪಾದವರು ಎನ್.ಎಸ್. ಪ್ರಭು. ಇಂಗ್ಲಿಷ್ ಬೋಧನೆಯ ಲೋಕದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದರೆ ಇಂದಿಗೂ ಕಿವಿ ನಿಮಿರುತ್ತದೆ. ನಮ್ಮಲ್ಲೇ ಅದನ್ನು ಬಲ್ಲವರು ಕಡಿಮೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಮಾಮೂಲಿ ಶಾಲೆಗಳಲ್ಲಿ ಪ್ರಭು ಮತ್ತು ಅವರ ಸಂಗಡಿಗರು ವ್ಯಾಕರಣದ ಪಾಠವನ್ನೇ ಬದಿಗಿಟ್ಟು ಇಂಗ್ಲಿಷ್ ಕಲಿಸಿ ನೋಡಿದರು. ಮಕ್ಕಳ ಮುಂದೆ ರೈಲು ವೇಳಾಪಟ್ಟಿ ಇಡುವುದು, ನಕಾಶೆ ಇಡುವುದು. ಈ ಊರಿನಿಂದ ಆ ಊರಿಗೆ ಇಷ್ಟು ಹೊತ್ತಿಗೆ ಮುಟ್ಟಬೇಕಾದರೆ ಯಾವ ಗಾಡಿ ಹಿಡಿಯಬೇಕು ಎಂದು ಕೇಳುವುದು. ಮೊದಲು ಮೇಷ್ಟ್ರು ಅಂಥದೇ ಒಂದು ಲೆಕ್ಕವನ್ನು ಇಡೀ ತರಗತಿಯೊಂದಿಗೆ ಬಿಡಿಸುತ್ತಾರೆ, ಆಮೇಲೆ ಮಕ್ಕಳು ತಾವೇ ಬಿಡಿಸುತ್ತಾರೆ. ಲಕ್ಷ್ಯವೆಲ್ಲ ಉತ್ತರದ ಮೇಲೆ. ಭಾಷೆ ಸದ್ದಿಲ್ಲದೆ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಬಂದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಅವರ ಸಣ್ಣ ಪುಸ್ತಕದಲ್ಲಿ ಇದರ ವಿವರವೆಲ್ಲ ಇದೆ.

ಪ್ರಭು ಅಂಥ ಚಟುವಟಿಕೆಗಳನ್ನು ಮೂರು ಬಗೆ ಮಾಡುತ್ತಾರೆ. ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ದಾಟಿಸುವುದು, ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ತರ್ಕಿಸಿ ತೆಗೆಯುವುದು, ತನ್ನ ಅಭಿಪ್ರಾಯ ಹೇಳುವುದು. ಅವರು ಹೆಚ್ಚು ನೆಚ್ಚಿದ್ದು ನಡುವಿನದನ್ನು. ನಾನು ನಾಲ್ಕು ವಾರ ಜೋತುಬಿದ್ದದ್ದು ಮೂರನೆಯದಕ್ಕೆ! ಅಭಿಪ್ರಾಯ ಎಲ್ಲಿಂದಲಾದರೂ ಎರವಲು ತರಬಹುದು, ಲೆಕ್ಕ ತಪ್ಪಿದರೆ ಮಾತ್ರ ಪಕ್ಕದವರು ಬಿಡುವುದಿಲ್ಲ. ಅಂದಹಾಗೆ, ಮಕ್ಕಳನ್ನು ಗುಂಪು ಕೂಡಿಸಿ ತಮ್ಮತಮ್ಮಲ್ಲೇ ಮಾತಾಡಲು ಬಿಡುವುದು ಪ್ರಭು ಅವರಿಗೆ ಹಿಡಿಸುತ್ತಿರಲಿಲ್ಲ. ಒಬ್ಬರ ಅರೆಬರೆ ಇಂಗ್ಲಿಷ್ ಇನ್ನೊಬ್ಬರಿಗೂ ಅಂಟೀತು ಎಂಬ ಅಳುಕು. ವರಾಂಡದಲ್ಲಿ ನಾನು ಆ ಮಾತನ್ನು ಮೀರಿದ್ದೇನೆ. ನಮ್ಮಲ್ಲಿ ಅಂಟಿಸಿಕೊಳ್ಳುವುದಕ್ಕೆ ಅರೆಬರೆಯೂ ಇರಲಿಲ್ಲ.

ಐದನೆಯ ವಾರ ಮೇಜಿನ ಮೇಲೆ ಬಿದ್ದದ್ದು ಹವಾಮಾನ ವರದಿ, ಆರೇಳು ಸಾಲಿನದು. ಜುಲೈ ತಿಂಗಳು. ಮುಂದಿನ ಎರಡು ದಿನ ತೆಲಂಗಾಣದಲ್ಲಿ ‘ಐಸೋಲೇಟೆಡ್ ಪ್ಲೇಸಸ್’ನಲ್ಲಿ ‘ಹೆವಿ ರೇನ್ ಲೈಕ್ಲಿ’ ಎಂಬುದು ಅದರ ಸಾರ. ಅಕ್ಕನಿಗೆ ಇದು ಪಾಠವಲ್ಲ, ವ್ಯಾಪಾರ. ಸೋಮವಾರ ಸಂಜೆಯೊಳಗೆ ಆರು ಬ್ಲೌಸುಗಳನ್ನು ರೈಲ್ವೆ ಕೆಳಸೇತುವೆಯ ಆಚೆ ಇರುವ ಮದುವೆ ಮನೆಗೆ ಮುಟ್ಟಿಸಬೇಕು. ಜೋರು ಮಳೆ ಬಂದರೆ ಸೇತುವೆಯ ಕೆಳಗೆ ನೀರು ನಿಲ್ಲುತ್ತದೆ, ಸ್ಕೂಟಿ ಹೋಗುವುದಿಲ್ಲ. ಭಾನುವಾರವೇ ಕೊಟ್ಟುಬಿಡಲೋ, ಸೋಮವಾರದವರೆಗೆ ತಡೆಯಲೋ?

“ಸರ, ಲೈಕ್ಲಿ ಅಂದ್ರ ಬರ್ತದ ಅಂತನೊ ಬರಂಗಿಲ್ಲ ಅಂತನೊ?” ಹುಡುಗ ಕೇಳಿದ.

“ಬಂದ್ರೂ ಬರಬಹುದು ಅಂತ. ಯಾರ ಮ್ಯಾಲೂ ಹೊಣಿ ಇಲ್ಲ ನೋಡು,” ಎಂದರು ಸಾಹೇಬರು.

ಇಲ್ಲಿ ಸಾಹೇಬರು ಸೋತರು. ಹವಾಮಾನ ಇಲಾಖೆಯ ಇಂಗ್ಲಿಷಿನಷ್ಟು ಬಿಗಿಯಾದ ಇಂಗ್ಲಿಷ್ ಪೇಪರಿನ ಬೇರೆ ಮೂಲೆಯಲ್ಲಿ ಸಿಗುವುದಿಲ್ಲ. ಸಂಪಾದಕೀಯದಲ್ಲಂತೂ ಇಲ್ಲ. ಇಲಾಖೆಯ ಲೆಕ್ಕದಲ್ಲಿ ಬರಿಯ ‘ಲೈಕ್ಲಿ’ ಎಂದರೆ ನೂರಕ್ಕೆ 25ರಿಂದ 50ರಷ್ಟು ಸಾಧ್ಯತೆ. 50 ದಾಟಿದರೆ ‘ವೆರಿ ಲೈಕ್ಲಿ’, 75 ದಾಟಿದರೆ ‘ಮೋಸ್ಟ್ ಲೈಕ್ಲಿ’. ‘ಐಸೋಲೇಟೆಡ್’ ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಾತ್ರ. ‘ಸ್ಕ್ಯಾಟರ್ಡ್’ ಎಂದರೆ 50ರವರೆಗೆ, ‘ಫೇರ್ಲಿ ವೈಡ್‌ಸ್ಪ್ರೆಡ್’ ಎಂದರೆ 75ರವರೆಗೆ, ಅದರಾಚೆ ‘ವೈಡ್‌ಸ್ಪ್ರೆಡ್’. ನಮ್ಮ ಪತ್ರಿಕೆಗಳ ಒಂದೆರಡು ಕಡೆ, ಕೆಲವೆಡೆ, ಹಲವೆಡೆ, ಬಹುತೇಕ ಕಡೆ ಇದೇ ಏಣಿಯ ನಾಲ್ಕು ಮೆಟ್ಟಿಲು. ‘ಹೆವಿ’ ಎಂಬುದೂ ಬಾಯಿಮಾತಲ್ಲ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಹೆವಿ, 115.6 ಮುಟ್ಟಿದರೆ ವೆರಿ ಹೆವಿ, 204.4 ದಾಟಿದರೆ ಎಕ್ಸ್‌ಟ್ರೀಮ್ಲಿ ಹೆವಿ.

ಇಷ್ಟು ಗೊತ್ತಾದದ್ದೇ ತಡ, ವರಾಂಡ ಪೂರಾ ಎದ್ದು ಕೂತಿತು. ಇಡೀ ತೆಲಂಗಾಣ ಇಲಾಖೆಗೆ ಒಂದೇ ಉಪವಿಭಾಗ, ಅದರಲ್ಲಿ ಮಲ್ಕಾಜ್‌ಗಿರಿ ಒಂದು ಚುಕ್ಕೆ. ಹಾಗಾಗಿ ಹೆದರಬೇಕಿಲ್ಲ ಎಂದು ಹುಡುಗನ ವಾದ. ‘ಬಟ್’, ‘ಸೋ’, ‘ಇಫ್’, ‘ಈವನ್ ಇಫ್’ ಎಲ್ಲ ಅವನ ಬಾಯಿಂದ ತಾವಾಗಿಯೇ ಉದುರುತ್ತಿದ್ದವು. ‘ಈವನ್ ಇಫ್’ ಮಾತ್ರ ಅದೇ ಮೊದಲ ಸಲ, ನಾನು ಕಿವಿಯಾರೆ ಕೇಳಿದೆ. ಅಕ್ಕ ಅವನನ್ನು ತಡೆದರು: “ಒನ್ ರೇನ್ ಇನಫ್. ಬ್ರಿಡ್ಜ್ ಡೌನ್ ವಾಟರ್. ಬ್ಲೌಸ್ ವೆಟ್. ಹೂ ಗಿವ್ ಮನಿ?” ನಾಲ್ಕು ವಾಕ್ಯ, ಒಂದರಲ್ಲೂ ವ್ಯಾಕರಣವಿಲ್ಲ, ತರ್ಕಕ್ಕೆ ಮಾತ್ರ ಎದುರೇ ಇಲ್ಲ. ಅದನ್ನೇ ನಾನು ತುಂಬು ವಾಕ್ಯದಲ್ಲಿ ‘ಹೂ ವಿಲ್ ಗಿವ್ ಯು ದ ಮನಿ?’ ಎಂದು ಅವರನ್ನೇ ಕೇಳುವಂತೆ ತಿರುಗಿಸಿ ಹೇಳಿದೆ. ಅಷ್ಟೇ ತಿದ್ದುಪಡಿ. ನಡುವೆ ತಡೆದು ‘ಅಕ್ಕಾ, ವಿಲ್ ಬಿಟ್ಟಿರಿ’ ಎಂದಿದ್ದರೆ ಅವರು ಮತ್ತೆ ಚಹಾ ಲೋಟಕ್ಕೆ ಮರಳುತ್ತಿದ್ದರು.

ಅಂದಿನಿಂದ ನಮ್ಮ ವಿಷಯಗಳೆಲ್ಲ ಸಣ್ಣವೇ. ರೈಲು ಬದಲಾದ ಹೊತ್ತು, ಟೊಮೆಟೊ ದರ, ವಿದ್ಯುತ್ ಬಿಲ್ಲಿನ ಸ್ಲ್ಯಾಬ್. ತಲೆಬರಹಗಳ ವಿಚಿತ್ರ ವ್ಯಾಕರಣಕ್ಕೆ ಒಂದು ಬೆಳಿಗ್ಗೆ ಸಾಕಾಯಿತು: ನಿನ್ನೆ ಆದದ್ದನ್ನು ವರ್ತಮಾನದಲ್ಲಿ ಹೇಳುವುದು, ನಾಳೆ ಆಗುವುದಕ್ಕೆ ಒಂದು ‘ಟು’ ಅಂಟಿಸುವುದು, ‘ಟೂ ಹೆಲ್ಡ್’ ಎಂದರೆ ಇಬ್ಬರು ಏನನ್ನೋ ಹಿಡಿದದ್ದಲ್ಲ, ಇಬ್ಬರನ್ನು ಪೊಲೀಸರು ಹಿಡಿದದ್ದು. ಇನ್ನೊಂದು ವಾರ ಸಾಹೇಬರದೇ ವಿಷಯ. 2022ರಲ್ಲಿ ರೈಲ್ವೆ ಗಾರ್ಡ್ ಎಂಬ ಹುದ್ದೆಯ ಹೆಸರನ್ನು ‘ಟ್ರೈನ್ ಮ್ಯಾನೇಜರ್’ ಎಂದು ಬದಲಿಸಿತು. “ಮ್ಯಾನೇಜರ್ ಅಂದ್ರ ಎಸಿ ರೂಮಿನ್ಯಾಗ ಕುಂಡ್ರಾಂವ. ನಾವು ಹಿಂದಿನ ಡಬ್ಬಿಯೊಳಗ ಧೂಳಾ ತಿಂದವ್ರು,” ಎಂದು ಅವರು ಕನ್ನಡದಲ್ಲೇ ರೇಗಿದರು. ನಾನು ತಡೆಯಲಿಲ್ಲ. ಸಿಟ್ಟು ಇಳಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು, ಧೂಳಿನ ಸಮೇತ.

ಕೂಟದಲ್ಲಿ ಕನ್ನಡ ಬೇಡ, ದಂಡ ಹಾಕಿ ಎಂದು ಸಲಹೆ ಕೊಡುವ ಗೆಳೆಯರಿದ್ದಾರೆ. ಅವರಿಗೆ ನಾನು ತಾರ್ನಾಕದ ಕಡೆ ಕೈ ತೋರಿಸುತ್ತೇನೆ. ಅದರ ಮಗ್ಗುಲಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲಿ ಈಗ ‘ಇಫ್ಲು’ ಎಂದು ಕರೆಸಿಕೊಳ್ಳುವ ಸಂಸ್ಥೆ 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಆಗಿ ಹುಟ್ಟಿತು. ದೇಶಕ್ಕೆಲ್ಲ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವ ಆ ಮನೆಗೆ ಮೊದಮೊದಲ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ಸವಣೂರಿನ ವಿನಾಯಕ ಕೃಷ್ಣ ಗೋಕಾಕರು. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಅದೇ ಗೋಕಾಕರ ಹೆಸರು ಮುಂದೆ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂದ ವರದಿಗೂ, 1982ರ ಚಳವಳಿಗೂ ಅಂಟಿಕೊಂಡಿತು. ಇದನ್ನು ಕೆಲವರು ವಿಪರ್ಯಾಸ ಎನ್ನುತ್ತಾರೆ. ನನಗೆ ಹಾಗೆ ಅನಿಸಿದ್ದೇ ಇಲ್ಲ. ಎರಡನೆಯ ಭಾಷೆಯ ಕಷ್ಟ ಹತ್ತಿರದಿಂದ ಬಲ್ಲವನಿಗೆ ಮೊದಲನೆಯದರ ಬೆಲೆ ಗೊತ್ತಿರುತ್ತದೆ.

ಹುಡುಗನಿಗೆ ಪರೀಕ್ಷೆಯ ಭಯ ಹೆಚ್ಚಾದಾಗ ನಾನು ಡಿ.ವಿ. ಗುಂಡಪ್ಪನವರ ಕಥೆ ಹೇಳುತ್ತೇನೆ. ಮೆಟ್ರಿಕ್ ಪಾಸಾಗದ ಮನುಷ್ಯ 1913ರಲ್ಲಿ ‘ದಿ ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ಹೊರಡಿಸಿದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ, ಊರಿನ ವಿಚಾರಗಳನ್ನು ಓದಿ ಚರ್ಚಿಸುವುದನ್ನೇ ಒಂದು ವ್ರತವಾಗಿಸಿದರು. “ಅವರಿಗೆ ರೀಸನಿಂಗ್ ಪೇಪರ್ ಇರಲಿಲ್ಲ ಬಿಡ್ರಿ ಸರ,” ಎಂದ ಹುಡುಗ. ಉತ್ತರ ಹೊಳೆಯದೆ ನಾನು ಚಹಾ ತರಲು ಎದ್ದೆ.

ಅಕ್ಕನ ಬ್ಲೌಸುಗಳ ವಿಷಯ ಹೇಳುವುದು ಉಳಿಯಿತು. ಆ ಭಾನುವಾರ ಹುಡುಗನ ವಾದವೇ ಗೆದ್ದಿತ್ತು. ಸೋಮವಾರದವರೆಗೆ ತಡೆಯೋಣ ಎಂದು ಅಕ್ಕ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ ಹೋಗಿದ್ದರು. ಸೋಮವಾರ ಮಧ್ಯಾಹ್ನ ಮೂರಕ್ಕೆ ನೇರೇಡ್‌ಮೆಟ್‌ನಲ್ಲಿ ಬಿಸಿಲಿತ್ತಂತೆ, ತಾರ್ನಾಕದಲ್ಲಿ ಬರೀ ಮೋಡವಂತೆ. ನಮ್ಮಲ್ಲಿ ಆಕಾಶವೇ ಹರಿದು ಬಿತ್ತು. ನಾಲ್ಕೂವರೆಗೆ ನನ್ನ ಫೋನಿಗೆ ಅಕ್ಕನ ಸಂದೇಶ ಬಂತು, ಇಂಗ್ಲಿಷಿನಲ್ಲಿ ಅವರು ನನಗೆ ಬರೆದ ಮೊದಲನೆಯದು: ‘ಸರ್ ವಿ ಆರ್ ಐಸೋಲೇಟೆಡ್ ಪ್ಲೇಸ್.’

ನಡುವೆ ಒಂದು ‘ಆ್ಯನ್’ ಬಿಟ್ಟುಹೋಗಿತ್ತು. ನಾನು ಛತ್ರಿ ಹುಡುಕಿಕೊಂಡು ಕೆಳಸೇತುವೆಯ ಕಡೆ ಹೊರಟೆ. ಆರು ಬ್ಲೌಸು ದಾಟಿಸಲು ಒಬ್ಬರ ಕೈ ಸಾಲದು.