ಮರಳಿ ಬಂದವರ ಮನೆ

ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಬಡತನವಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಬಿ. ಜಿ. ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ಎ. ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಗೊರೂರರ ‘ಅಮೆರಿಕಾದಲ್ಲಿ ಗೊರೂರು’ — ಈ ಪ್ರಕಾರವನ್ನು ನಮ್ಮಲ್ಲಿ ಎಂಥ ಸಮರ್ಥರು ಬೆಳೆಸಿದರೆಂಬುದಕ್ಕೆ ಇಷ್ಟು ಹೆಸರುಗಳೇ ಸಾಕು. ಆದರೂ ಇಂಥ ಪುಸ್ತಕಗಳನ್ನು ಸಾಲಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಹೊರಡುವ ಸಡಗರಕ್ಕೂ ನೋಡಿದ ನೋಟಕ್ಕೂ ದೊರೆಯುವಷ್ಟು ಪುಟಗಳು ಹಿಂದಿರುಗಿದ ಮೇಲಿನ ದಿನಗಳಿಗೆ ದೊರೆಯುವುದು ಅಪರೂಪ. ಹಡಗು ದಡ ಮುಟ್ಟಿತು, ಇಲ್ಲವೆ ವಿಮಾನ ನೆಲಕ್ಕಿಳಿಯಿತು. ಸಾಮಾನ್ಯವಾಗಿ ಕಥನವೂ ಅಲ್ಲಿಗೆ ಮುಗಿಯಿತು. ಮರುದಿನ ಬೆಳಗ್ಗೆ ತನ್ನ ಹಾಸಿಗೆಯಲ್ಲೇ ಎದ್ದವನಿಗೆ ಅದೇ ಬಚ್ಚಲು, ಅದೇ ಹಾಲಿನವನ ಕೂಗು, ನೆರೆಮನೆಯ ಅದೇ ಒಗ್ಗರಣೆಯ ವಾಸನೆ ಹೇಗೆ ತೋರಿದವು? ಪ್ರವಾಸದಿಂದ ಕಣ್ಣು ಬದಲಾಯಿತೆ ಇಲ್ಲವೆ ಎಂಬುದರ ನಿಜವಾದ ಪರೀಕ್ಷೆ ಈ ಪ್ರಶ್ನೆಯಲ್ಲಿದೆ.

ದೂರದಲ್ಲಿದ್ದು ಮನೆಯನ್ನು ಹಾಡುವುದೇನೋ ನಮ್ಮ ಸಾಹಿತ್ಯಕ್ಕೆ ಹಳೆಯದೇ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ ಪಂಪನು, ಅರಿಕೇಸರಿಯ ಆಸ್ಥಾನದಲ್ಲಿದ್ದುಕೊಂಡು, ಅರ್ಜುನನ ಸಂಚಾರದ ನೆಪದಲ್ಲಿ ಬನವಾಸಿಯನ್ನು ನೆನೆದ ಪದ್ಯಗಳನ್ನು ಅರಿಯದ ಕನ್ನಡಿಗರು ಕಡಮೆ. ಅಲ್ಲಿ ಅವನ ಮನಸ್ಸು ಹರಿಯುವುದು ಕೋಟೆ ಕೊತ್ತಲಗಳ ಕಡೆಗಲ್ಲ. ಗಾಳಿಯ ಕಡೆಗೆ, ಹೂವಿನ ಕಡೆಗೆ, ಕಿವಿಗೆ ಬಿದ್ದ ಒಳ್ಳೆಯ ಮಾತಿನ ಕಡೆಗೆ. ನಿತ್ಯಜೀವನದ ಬೆಲೆಯನ್ನು ಬಲ್ಲ ಕವಿಯ ಆಯ್ಕೆ ಅದು. ಆದರೆ ಅದು ಹಂಬಲ. ಹಂಬಲಕ್ಕೆ ಒಂದು ಅನುಕೂಲವುಂಟು: ನೆನಪಿನ ಊರಿನಲ್ಲಿ ಸೊಳ್ಳೆಯಿರುವುದಿಲ್ಲ. ಮರಳಿ ಬಂದವನಿಗೆ ಆ ಸೌಲಭ್ಯ ತಪ್ಪುತ್ತದೆ. ಅವನು ಮೆಚ್ಚಬೇಕಾದರೆ ಸೊಳ್ಳೆಯೊಡನೆಯೇ, ನಿಂತುಹೋದ ನಲ್ಲಿಯೊಡನೆಯೇ ಮೆಚ್ಚಬೇಕು.

ಹೀಗೆ ಬಂದವರಲ್ಲಿ ಎರಡು ಬಗೆಯವರು ನಮಗೆಲ್ಲ ಪರಿಚಿತರು. ಒಬ್ಬರು ಮೂರು ತಿಂಗಳ ಕಾಲ ‘ಅಲ್ಲಿ ಹೀಗಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಏನೇ ಹೇಳಿ, ನಮ್ಮ ಊಟ ನಮ್ಮ ನೀರು ಅಲ್ಲಿ ಎಲ್ಲಿ ಬರಬೇಕು?’ ಎನ್ನುತ್ತಾರೆ. ಮೇಲುನೋಟಕ್ಕೆ ಇವರು ವಿರುದ್ಧ ಪಕ್ಷದವರು. ವಾಸ್ತವವಾಗಿ ಇಬ್ಬರ ಕೈಯಲ್ಲಿಯೂ ಇರುವುದು ಒಂದೇ ತಕ್ಕಡಿ. ತೂಗುವ ಅವಸರದಲ್ಲಿ ವಸ್ತುವನ್ನು ನೋಡುವುದು ಹಿಂದೆ ಬೀಳುತ್ತದೆ. ಪ್ರವಾಸ ಕಥನಗಳಲ್ಲಿ ಬಹುಪಾಲು ಬರಹ ಈ ತಕ್ಕಡಿಯನ್ನು ಕೆಳಗಿಡಲಾರದೆ ಸಪ್ಪೆಯಾಗಿದೆ.

ಇಂಗ್ಲಿಷ್ ಪ್ರಬಂಧಕಾರ ಚೆಸ್ಟರ್‌ಟನ್ 1908ರಲ್ಲಿ ಪ್ರಕಟಿಸಿದ ‘ಆರ್ಥೊಡಾಕ್ಸಿ’ಯ ಆರಂಭದಲ್ಲಿ ಒಂದು ಕಲ್ಪನೆಯಿದೆ. ಒಬ್ಬ ಆಂಗ್ಲ ನಾವಿಕ ದಾರಿಯ ಲೆಕ್ಕ ತಪ್ಪಿ, ದಕ್ಷಿಣ ಸಮುದ್ರದ ಹೊಸ ದ್ವೀಪವೆಂದು ಭ್ರಮಿಸಿ, ಇಂಗ್ಲೆಂಡಿನಲ್ಲೇ ಇಳಿಯುತ್ತಾನೆ. ಹೊಸತಿನ ಬೆರಗು, ಮನೆಯ ನೆಮ್ಮದಿ ಎರಡೂ ಅವನಿಗೆ ಒಟ್ಟಿಗೆ ಲಭಿಸುತ್ತವೆ. ಸೊಗಸಾದ ಕಲ್ಪನೆಯೇ ಸರಿ. ಆದರೆ ಆ ಭಾಗ್ಯಕ್ಕೆ ಲೆಕ್ಕ ತಪ್ಪಲೇಬೇಕೆ? ತಿಳಿದೂ ತಿಳಿದೂ ಮನೆಯನ್ನು ಹೊಸದಾಗಿ ಕಾಣಲು ಸಾಧ್ಯವಿಲ್ಲವೆ?

ಸಾಧ್ಯ ಎಂಬುದಕ್ಕೆ ಸ್ವಾಮಿಯವರ ಬರಹವೇ ಸಾಕ್ಷಿ. ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿ ಬಂದ ಸಸ್ಯವಿಜ್ಞಾನಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕ. ಅಮೆರಿಕದ ಅನುಭವಕ್ಕೆ ಒಂದು ಪುಸ್ತಕ ಬರೆದರು, ನಿಜ. ನನ್ನ ಮಟ್ಟಿಗೆ, ಅವರ ಮರುಪಯಣದ ಪುಸ್ತಕಗಳು ಬೇರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನಲ್ಲಿ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಮ್ಮ ಘಟ್ಟಗಳ ಕಾಡಿನಲ್ಲಿ ಗಿಡಮರಗಳ ಹೆಸರು ಹಿಡಿಯುತ್ತ, ನಗುತ್ತ ನಗಿಸುತ್ತ ಅಲೆಯುತ್ತಾರೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಇನ್ನೂ ಹತ್ತಿರಕ್ಕೆ, ಊಟದ ಎಲೆಗೇ ಬರುತ್ತದೆ. ‘ನಮ್ಮ ಊಟ’ ಎಂದು ನಾವು ಎದೆ ತಟ್ಟಿಕೊಳ್ಳುವ ಊಟದಲ್ಲಿ ಸಾರಿನ ಮೆಣಸಿನಕಾಯಿ, ಪಲ್ಯದ ಆಲೂಗೆಡ್ಡೆ, ಚಿತ್ರಾನ್ನದ ಕಡಲೆಕಾಯಿ, ಪಾಯಸದ ಗೋಡಂಬಿ ಇವೆಲ್ಲ ಅಮೆರಿಕ ಖಂಡಗಳ ಮೂಲದವು. 16ನೆಯ ಶತಮಾನದಿಂದೀಚೆಗೆ ಪೋರ್ಚುಗೀಸರೇ ಮೊದಲಾದವರ ಹಡಗುಗಳಲ್ಲಿ ಬಂದವು. ಹೊಸ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮನೆಯ ಮಗುವಾಗಿ ಮಾಡಿಕೊಂಡರು. ಇದನ್ನು ಅರಿತವನಿಗೆ ನಾಳೆಯ ಸಾರು ಇಂದಿನಷ್ಟು ಸಾಮಾನ್ಯವಾಗಿ ಉಳಿಯಲಾರದು. ತಕ್ಕಡಿ ಇಲ್ಲಿ ತಾನಾಗಿಯೇ ಕೆಳಗಿಳಿಯುತ್ತದೆ: ಅವರದು ಯಾವುದು, ನಮ್ಮದು ಯಾವುದು?

ಹಾಗೆಂದು ಮನೆಯನ್ನು ಕಾಣಲು ಸಮುದ್ರ ದಾಟಲೇಬೇಕೆಂಬುದೂ ಅತಿಯಾದ ಮಾತು. ಗೊರೂರರು ‘ಹಳ್ಳಿಯ ಚಿತ್ರಗಳು’ ಪ್ರಕಟಿಸಿದ್ದು 1930ರಲ್ಲಿ. ಅಕಾಡೆಮಿಯ ಪ್ರಶಸ್ತಿ ತಂದ ಅಮೆರಿಕದ ಪುಸ್ತಕ ಬಂದದ್ದು ಅವರ ಎಪ್ಪತ್ತರ ಹರೆಯದಲ್ಲಿ. ಹೇಮಾವತಿಯ ದಡದ ಊರನ್ನು ಅವರು ಮೊದಲೇ ಕಣ್ತುಂಬ ನೋಡಿ ಮುಗಿಸಿದ್ದರು. ಆದ್ದರಿಂದಲೇ ‘ಅಮೆರಿಕಾದಲ್ಲಿ ಗೊರೂರು’ ಎಂಬ ಹೆಸರಿಗೆ ಎರಡು ಅರ್ಥ ಸಲ್ಲುತ್ತದೆ: ಅಲ್ಲಿಗೆ ಹೋದದ್ದು ಮನುಷ್ಯನೂ ಹೌದು, ಊರೂ ಹೌದು. ನೋಡಬಲ್ಲವನಿಗೆ ಪ್ರವಾಸ ಒಂದು ಸಹಾಯ. ನೋಡಲಾರದವನಿಗೆ ಬರಿಯ ಟಿಕೆಟ್ಟಿನ ಖರ್ಚು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಮರಳಿ ಬಂದವನು ಬಾಯಿ ಚಪ್ಪರಿಸುವ ಸಾರು ತಾನಾಗಿ ಕುದಿಯುವುದಿಲ್ಲ. ಅವನಿಗೆ ಹೊಸದಾಗಿ ಕಂಡ ಅಂಗಳದ ರಂಗೋಲಿ, ಅದನ್ನು ಇಟ್ಟ ಕೈಗೆ ಆ ದಿನದ ಮೊದಲನೆಯ ಕೆಲಸ. ಆಮೇಲಿನ ಕೆಲಸಗಳು ಇನ್ನೂ ಹದಿನೈದು. ರುಚಿಯನ್ನು ಮೆಚ್ಚಿ ಕೈಯನ್ನು ಮರೆಯುವ ಲೇಖಕ ಸ್ವಂತ ಮನೆಯಲ್ಲಿಯೂ ಪ್ರವಾಸಿಯೇ. ನಮ್ಮ ಪ್ರವಾಸ ಕಥನದ ಹೆಸರಾಂತ ಲೇಖಕರಲ್ಲಿ ಬಹುಮಂದಿ ಗಂಡಸರಾದ್ದರಿಂದ, ‘ಮನೆ’ ಎಂಬುದು ಅಲ್ಲಿ ಹೆಚ್ಚಾಗಿ ಕಾದಿರುವ ಸ್ಥಳವಾಗಿ ಬರುತ್ತದೆಯೇ ಹೊರತು ಯಾರೋ ದಿನದಿನವೂ ಕಟ್ಟುವ ವಸ್ತುವಾಗಿ ಬರುವುದಿಲ್ಲ.

ಈಗ ವಿದೇಶಯಾನ ಕೆಲವರ ಸೊತ್ತಲ್ಲ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗಿಬಂದ ತಾಯಂದಿರು ಬೆಂಗಳೂರು ಮೈಸೂರುಗಳ ಎಷ್ಟೋ ಬೀದಿಗಳಲ್ಲಿದ್ದಾರೆ. ಅವರು ಅಲ್ಲಿಯೂ ಅಡುಗೆ ಮಾಡಿದವರು, ಇಲ್ಲಿಗೆ ಬಂದು ಮತ್ತೆ ಅಡುಗೆ ಮಾಡುವವರು. ಎರಡೂ ಮನೆಗಳ ಒಳಗು ಬಲ್ಲವರು. ಮನೆಯನ್ನು ಹೊಗಳಲೂ ತೆಗಳಲೂ ಅವರಷ್ಟು ಅಧಿಕಾರ ಇನ್ನಾರಿಗೂ ಇಲ್ಲ. ಅವರಲ್ಲಿ ಒಬ್ಬರಾದರೂ ಕೂತು, ಹಿಂದಿರುಗಿದ ಮೇಲಿನ ಒಂದು ವಾರವನ್ನು ಇದ್ದುದಿದ್ದಂತೆ ಬರೆದರೆ, ನಮ್ಮ ಪ್ರವಾಸ ಸಾಹಿತ್ಯಕ್ಕೆ ಇದುವರೆಗೆ ಒದಗದ ಅಧ್ಯಾಯ ಒದಗಿದಂತಾಗುತ್ತದೆ.